ದುಡಿಮೆ ಎಷ್ಟು, ಮುಂದೆ ಏನು?

ಎಂ.ಬಿ.ಬಿ.ಎಸ್. ಮುಗಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅಣಿಯಾಗುವ ತರುಣ ವೈದ್ಯರ ಮೇಲೆ ಈಚೆಗೆ ಒಂದು ಆಪಾದನೆ ಬಹಳವಾಗಿ ಕೇಳಿಬರುತ್ತಿದೆ. ಮದುವೆಯ ಪಂಕ್ತಿಯಲ್ಲಿ, ರೈಲಿನ ಡಬ್ಬಿಯಲ್ಲಿ, ಕಾಲೇಜಿನ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಇದನ್ನು ನಾನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ಆಪಾದನೆಯ ಸಾರ ಇಷ್ಟು: “ಯಾವ ಆಸ್ಪತ್ರೆಗೆ ಸೇರಬೇಕು, ಯಾವ ವಿಷಯ ಹಿಡಿಯಬೇಕು ಎಂದು ಗೊತ್ತುಮಾಡುವಾಗ ಈಗಿನ ಹುಡುಗರು ಎರಡೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ದುಡಿಮೆ ಎಷ್ಟು? ಮುಂದೆ ಫೆಲೋಶಿಪ್ಪು, ಸೂಪರ್ ಸ್ಪೆಶಾಲಿಟಿ ಸಿಕ್ಕೀತೆ? ಸೇವೆಯ ಮಾತು ಇವರ ಬಾಯಲ್ಲಿ ಬಾರದು.”

ಇದನ್ನು ಹೇಳುವವರ ಮುಖದ ಮೇಲೆ ಒಂದು ಬಗೆಯ ಸಾತ್ವಿಕ ವ್ಯಥೆ ಇರುತ್ತದೆ. ಕೇಳಿದವರು ನಿಟ್ಟುಸಿರಿಟ್ಟು ತಲೆದೂಗುತ್ತಾರೆ. ನಾನು ಮಾತ್ರ ತಲೆದೂಗಲಾರೆ. ಆ ಎರಡೂ ಯೋಗ್ಯವಾದ ಪ್ರಶ್ನೆಗಳು. ಅವನ್ನು ಕೇಳುವುದು ತರುಣರ ಹಕ್ಕು. ಪ್ರವೇಶದ ಹೊತ್ತಿಗೆ ಅವರ ಕೈಗೆ ಬರುವ ರಾಶಿ ಕಾಗದಗಳಲ್ಲಿ ಆ ಪ್ರಶ್ನೆಗಳಿಗೆ ಉತ್ತರವಿಲ್ಲವೆಂಬುದೇ ನಾವು ನಾಚಬೇಕಾದ ಸಂಗತಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಇವು ಎರಡು ಬೇರೆ ಬೇರೆ ಪ್ರಶ್ನೆಗಳೇ ಅಲ್ಲ. ಕಲಿಸದೆ ದುಡಿಸುವ ಆಸ್ಪತ್ರೆಯೇ ಫೆಲೋಶಿಪ್ಪಿನ ಹಸಿವನ್ನು ಹುಟ್ಟಿಸುತ್ತದೆ. ಆ ಹಸಿವು ಇರುವ ತನಕ ನಮ್ಮಂಥ ಊರುಗಳಿಗೆ ತಜ್ಞ ವೈದ್ಯರು ಬಾರರು.

ಕನ್ನಡ ಕಲಿಸುವ ಮಾಸ್ತರನಿಗೆ ಈ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ನನ್ನ ಹುಟ್ಟೂರು ಹಳಿಯಾಳ ತಾಲೂಕಿನ ತೇರಗಾಂವ. ನಮ್ಮದು ಭತ್ತ, ಗೋವಿನಜೋಳ, ಕಬ್ಬು ಬೆಳೆಯುವ ಸೀಮೆ. ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಜನ. ಜಿಲ್ಲೆಯ ಮುಖ್ಯ ಪಟ್ಟಣವಾದ ಕಾರವಾರ ನಮಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಘಟ್ಟ ಇಳಿದು ಹೋಗಬೇಕು. 2016ರಲ್ಲಿ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗ ಜಿಲ್ಲೆಯ ಎಲ್ಲರಂತೆ ನಾವೂ ಸಂತೋಷಪಟ್ಟೆವು. ಆದರೆ ನಮ್ಮ ಕಡೆಯ ರೋಗಿ ಹಳಿಯಾಳದ ತಾಲೂಕು ಆಸ್ಪತ್ರೆಯನ್ನು ದಾಟಿದನೆಂದರೆ ಗಾಡಿ ಹೊರಳುವುದು ಧಾರವಾಡದ ಕಡೆಗೆ, ಅಲ್ಲಿಂದ ಮುಂದೆ ಹುಬ್ಬಳ್ಳಿಗೆ. 1957ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದಂದಿನಿಂದ ಅದೇ ನಮ್ಮ ಕೊನೆಯ ಭರವಸೆ. ಇಂಥ ಯಾವ ದೊಡ್ಡ ಆಸ್ಪತ್ರೆಗೇ ಹೋಗಿ, ಅಪರಾತ್ರಿಯಲ್ಲಿ ನಮ್ಮವರ ನಾಡಿಯನ್ನು ಮೊದಲು ಹಿಡಿಯುವವನು ಪ್ರಾಧ್ಯಾಪಕನಲ್ಲ, ಸ್ನಾತಕೋತ್ತರ ವಿದ್ಯಾರ್ಥಿಯಾದ ರೆಸಿಡೆಂಟ್ ವೈದ್ಯ. ಅವನು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಾನೆ, ಅವನಿಗೆ ಯಾರು ಏನು ಕಲಿಸಿದ್ದಾರೆ ಎಂಬುದು ತೇರಗಾಂವದ ರೈತನಿಗೂ ಸಂಬಂಧಪಟ್ಟ ವಿಷಯ. ಎರಡನೆಯದಾಗಿ, ವೈದ್ಯಕೀಯ ನಾನರಿಯೆ. ಕಲಿಸುವುದೆಂದರೇನು, ಕಲಿಸಿದಂತೆ ನಟಿಸುವುದೆಂದರೇನು ಎಂಬುದನ್ನು ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಸ್ವಲ್ಪ ಅರಿತಿದ್ದೇನೆ.

ಮೊದಲು ‘ರೆಸಿಡೆಂಟ್’ ಎಂಬ ಪದವನ್ನೇ ನೋಡೋಣ. ರೆಸಿಡೆಂಟ್ ಎಂದರೆ ನಿವಾಸಿ. ಅಮೆರಿಕದ ಬಾಲ್ಟಿಮೋರಿನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಈ ಪದ್ಧತಿಗೆ ರೂಪ ಕೊಟ್ಟ. ಶಿಷ್ಯರು ಆಸ್ಪತ್ರೆಯಲ್ಲೇ ವಾಸಿಸಬೇಕು, ಹಗಲಿರುಳು ದುಡಿಯಬೇಕು, ವರ್ಷವರ್ಷಕ್ಕೂ ಹೆಚ್ಚಿನ ಹೊಣೆ ಹೊರುತ್ತ ಕೊನೆಗೆ ಗುರುವಿನ ಸಮಕ್ಕೆ ಬರಬೇಕು ಎಂಬುದು ಅದರ ತಿರುಳು. ನಮ್ಮ ಗುರುಕುಲದ ನೆನಪಾಗುತ್ತದೆ. ಆದರೆ ಆ ಹಾಲ್‌ಸ್ಟೆಡ್ ಮಹಾಶಯ ಮೊದಲು ಕೊಕೇನಿಗೂ ಅನಂತರ ಮಾರ್ಫಿನ್ನಿಗೂ ದಾಸನಾಗಿದ್ದನೆಂಬುದನ್ನು ವೈದ್ಯಕೀಯದ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ಆತ ಪ್ರತಿಭಾವಂತನೆಂಬುದರಲ್ಲಿ ಸಂದೇಹವಿಲ್ಲ. ಅಂಥವನೊಬ್ಬ ಕಟ್ಟಿಕೊಟ್ಟ ದಿನಚರಿಯನ್ನು ಮನುಷ್ಯಮಾತ್ರರೆಲ್ಲರಿಗೂ ವೇದವೆಂದು ವಿಧಿಸುವಾಗ ಒಂದು ಗಳಿಗೆ ನಿಂತು ಯೋಚಿಸಬೇಡವೆ? ಪದ್ಧತಿಯಲ್ಲಿದ್ದ ಎರಡು ಅಂಗಗಳಲ್ಲಿ ನಾವು ಹಗಲಿರುಳು ದುಡಿಸುವುದನ್ನು ನಿಷ್ಠೆಯಿಂದ ಉಳಿಸಿಕೊಂಡೆವು. ಹೊಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸಿಕೊಡುವುದನ್ನು ಆಯಾ ಆಸ್ಪತ್ರೆಯ ಪುಣ್ಯಕ್ಕೆ ಬಿಟ್ಟೆವು.

ದುಡಿಮೆಯ ಪ್ರಶ್ನೆ ಕೇಳುವುದು ಸೋಮಾರಿತನವೆಂದು ಹೇಳುವವರು ನಮ್ಮ ಸರಕಾರದ ಕಾಗದಗಳನ್ನೇ ಓದಿದಂತಿಲ್ಲ. 1992ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ರೆಸಿಡೆನ್ಸಿ ಯೋಜನೆಯ ಆದೇಶದಲ್ಲಿ ಒಂದೇ ಸಮನೆ ಕೆಲಸ ಸಾಮಾನ್ಯವಾಗಿ 12 ಗಂಟೆಗೆ ಮೀರಬಾರದು, ವಾರಕ್ಕೆ 48 ಗಂಟೆ, ಸರದಿಯ ಮೇಲೆ ವಾರಕ್ಕೊಂದು ರಜೆ ಎಂದು ಬರೆದಿದೆ. ಈ ಆದೇಶಕ್ಕೆ ಮೂವತ್ತು ವರ್ಷ ದಾಟಿತು. ಅದರ ಪ್ರಕಾರ ನಡೆದ ವಾರ್ಡು ಎಲ್ಲಿದೆಯೆಂದು ಯಾವ ರೆಸಿಡೆಂಟನನ್ನಾದರೂ ಕೇಳಿರಿ, ನಕ್ಕಾನು. 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ನಾತಕೋತ್ತರ ಶಿಕ್ಷಣಕ್ಕೆ ಹೊಸ ನಿಯಮಾವಳಿ ತಂದಿತು. ಅದರಲ್ಲಿ ವಿದ್ಯಾರ್ಥಿಗಳು ‘ಸಮಂಜಸವಾದ’ ಹೊತ್ತು ದುಡಿಯಬೇಕು, ಅವರಿಗೆ ‘ಸಮಂಜಸವಾದ’ ವಿಶ್ರಾಂತಿ ಕೊಡಬೇಕು ಎಂದಿದೆ. ನಾನು ವ್ಯಾಕರಣ ಕಲಿಸುವವನು. ಈ ಬದಲಾವಣೆ ನನ್ನ ಕಣ್ಣಿಗೆ ಥಟ್ಟನೆ ಬಿತ್ತು. ಮೊದಲಿದ್ದ ಸಂಖ್ಯೆ ಹೋಗಿ ಆ ಜಾಗದಲ್ಲಿ ಗುಣವಿಶೇಷಣ ಬಂದಿದೆ. ಸಂಖ್ಯೆಯನ್ನು ಮುರಿದರೆ ಮುರಿದದ್ದು ಕಾಣುತ್ತದೆ. ವಿಶೇಷಣವನ್ನು ಎತ್ತ ಬೇಕಾದರೂ ಎಳೆಯಬಹುದು. ಮೂವತ್ತಾರು ಗಂಟೆಯೂ ಒಬ್ಬ ವಿಭಾಗಾಧ್ಯಕ್ಷರಿಗೆ ಸಮಂಜಸವಾಗಿ ತೋರೀತು!

ಅದೇ ಆಯೋಗದ ಕಾರ್ಯಪಡೆಯೊಂದು 2024ರಲ್ಲಿ ವೈದ್ಯವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯವನ್ನು ಕುರಿತು ವರದಿ ಕೊಟ್ಟು, ವಾರಕ್ಕೆ 74 ಗಂಟೆಗೆ ಮೀರಿ ದುಡಿಸಬೇಡಿರೆಂದು ಶಿಫಾರಸು ಮಾಡಿತು. 48 ಎಂದು ಬರೆದಿದ್ದ ದೇಶದಲ್ಲಿ 74 ಎಂಬುದು ಕರುಣೆಯ ಮಾತಾಗಿ ಕೇಳಿಸಬೇಕಾದರೆ ನಡೆಯುತ್ತಿರುವುದು ಎಷ್ಟಿರಬೇಕು, ಓದುಗರೇ ಊಹಿಸಲಿ. ಐದು ವರ್ಷಗಳ ಅವಧಿಯಲ್ಲಿ ನೂರಕ್ಕೂ ಹೆಚ್ಚು ವೈದ್ಯವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರೆಂದು ಅದೇ ಆಯೋಗ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿದೆ. ಕಾರಣಗಳು ಹಲವಿರಬಹುದು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೊಠಡಿಗೆ ವಿಶ್ರಮಿಸಲು ಹೋದ ತರುಣ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಆಕೆಯ ಕೊಲೆಯಾಯಿತು. ದೇಶವೆಲ್ಲ ಬೀದಿಗಿಳಿದಾಗ ನಮಗೆ ಗೊತ್ತಾದ ಒಂದು ಸಣ್ಣ ಸಂಗತಿಯೆಂದರೆ, ‘ನಿವಾಸಿ’ ಎನಿಸಿಕೊಂಡವರಿಗೆ ಎಷ್ಟೋ ಆಸ್ಪತ್ರೆಗಳಲ್ಲಿ ಬಾಗಿಲು ಭದ್ರವಾಗಿರುವ ಒಂದು ಮಲಗುವ ಕೋಣೆ ಕೂಡ ಇಲ್ಲ.

“ನಾವೂ ಹಾಗೆಯೇ ದುಡಿದೆವು, ಏನಾಯಿತು?” ಎಂದು ಹಿರಿಯ ವೈದ್ಯರು ಕೇಳುತ್ತಾರೆ. ಅವರಿಗೆ ಏನೂ ಆಗಲಿಲ್ಲ, ಸಂತೋಷ. ಅವರ ಕೈಕೆಳಗಿದ್ದ ರೋಗಿಗಳಿಗೆ ಏನಾಯಿತೆಂಬುದನ್ನು ಯಾರು ಬರೆದಿಟ್ಟಿದ್ದಾರೆ? ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಆಕೆಯನ್ನು ನೋಡಿಕೊಂಡವರು ಬಹು ಹೊತ್ತಿನಿಂದ ದುಡಿಯುತ್ತಿದ್ದ, ಹಲವಾರು ರೋಗಿಗಳ ಹೊಣೆ ಹೊತ್ತಿದ್ದ ತರುಣ ರೆಸಿಡೆಂಟರು. ಹುಡುಗಿಯ ತಂದೆ ಪತ್ರಕರ್ತ, ಸುಮ್ಮನಿರಲಿಲ್ಲ. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಆ ಮಿತಿ ಅಮೆರಿಕ ದೇಶಕ್ಕೆಲ್ಲ ಬಂತು. ಯುರೋಪಿನಲ್ಲಿ ತರಬೇತಿಯ ವೈದ್ಯರಿಗೂ ವಾರಕ್ಕೆ ಸರಾಸರಿ 48 ಗಂಟೆಯ ಕಟ್ಟಳೆ ಇದೆ. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳು ಹೀಗೆ ಹೋದರೋ! ಅವರ ತಂದೆಯರು ಹಣೆಬರಹವೆಂದು ಹಳ್ಳಿಗೆ ಮರಳಿದರು.

ಇಲ್ಲಿ ಎದುರುಪಕ್ಷದ ಒಂದು ಗಟ್ಟಿಯಾದ ವಾದವನ್ನು ಮರೆಮಾಚುವುದು ಸರಿಯಲ್ಲ. ಪಾಳಿ ಮುಗಿಯಿತೆಂದು ವೈದ್ಯ ಎದ್ದುಹೋದರೆ ರೋಗಿಯ ಕಥೆ ಅರ್ಧಕ್ಕೇ ಕಡಿದುಹೋಗುತ್ತದೆ, ಶಿಷ್ಯ ರೋಗದ ಪೂರ್ಣ ನಡಿಗೆಯನ್ನು ಕಾಣುವುದಿಲ್ಲ ಎನ್ನುತ್ತಾರೆ. ನಿಜ. ಅಮೆರಿಕದ ಶಸ್ತ್ರವೈದ್ಯ ತರಬೇತಿಯಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗವೊಂದರಲ್ಲಿ, ಒಂದೊಂದು ಪಾಳಿಯ ಉದ್ದವನ್ನು ಸಡಿಲಿಸಿದ ಕಡೆ ರೋಗಿಗಳಿಗೆ ಹೆಚ್ಚಿನ ಕೇಡೇನೂ ಕಾಣಲಿಲ್ಲ. ಆದರೆ ಆ ಪ್ರಯೋಗದ ಎರಡೂ ಪಂಗಡಗಳಲ್ಲಿ ವಾರಕ್ಕೆ 80 ಗಂಟೆಯ ಎಲ್ಲೆ ಇದ್ದೇ ಇತ್ತು. ನಾನು ಅದರಿಂದ ತೆಗೆಯುವ ಅರ್ಥ ಇಷ್ಟು: ಎಲ್ಲೆಯೊಂದು ಇದ್ದ ಮೇಲೆ, ಗಂಟೆಗಳನ್ನು ಎಣಿಸಿದರಷ್ಟೇ ಸಾಲದು, ಆ ಗಂಟೆಗಳಲ್ಲಿ ಏನು ನಡೆಯುತ್ತದೆಂಬುದನ್ನೂ ಕೇಳಬೇಕು. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಏನು ನಡೆಯುತ್ತದೆ?

ನನ್ನ ಅಣ್ಣನ ಮಗ ಈಗ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಜನರಲ್ ಮೆಡಿಸಿನ್ ವಿಭಾಗದ ರೆಸಿಡೆಂಟ್. ಆಸ್ಪತ್ರೆಯ ಹೆಸರು ಬೇಡ. ಹೆಸರು ಹೇಳಿದರೆ ಉಳಿದವೆಲ್ಲ ಪರಿಶುದ್ಧವೆಂದಾಗುತ್ತದೆ. ಪ್ರವೇಶದ ಕಾಲದಲ್ಲಿ ಅವನು ಒಂದು ನೋಟುಬುಕ್ಕಿನಲ್ಲಿ ಕಾಲೇಜುಗಳ ಹೆಸರು ಬರೆದು ಎದುರಿಗೆ ಎರಡು ಗೀಟು ಎಳೆದಿದ್ದ. ಒಂದರ ತಲೆಯ ಮೇಲೆ ‘ಡ್ಯೂಟಿ’, ಇನ್ನೊಂದರ ಮೇಲೆ ‘ಮುಂದ’. ಆ ಮನೆಗಳನ್ನು ತುಂಬಲು ಮೂರು ವಾರ ಹಗಲೂ ರಾತ್ರಿ ಹಿರಿಯ ವಿದ್ಯಾರ್ಥಿಗಳಿಗೆ ಫೋನು ಮಾಡಿದ. ಒಬ್ಬ ‘ಲೈಟ್’ ಅಂದ ವಿಭಾಗವನ್ನು ಇನ್ನೊಬ್ಬ ‘ಟಾಕ್ಸಿಕ್’ ಅಂದ. ಟಾಕ್ಸಿಕ್ ಎಂದರೆ ವಿಷಮಯ. ವಿದ್ಯೆ ಕೊಡುವ ಮನೆಗಳನ್ನು ವಿದ್ಯಾರ್ಥಿಗಳು ವಿಷವುಂಟು, ವಿಷವಿಲ್ಲ ಎಂದು ಎರಡು ಪಂಗಡ ಮಾಡಿಟ್ಟಿರುವುದನ್ನು ಅಂದು ನಾನು ಮೊದಲ ಸಲ ಕೇಳಿದೆ.

ಕಳೆದ ದೀಪಾವಳಿಗೆ ಅವನು ಎರಡು ದಿನ ತೇರಗಾಂವಕ್ಕೆ ಬಂದಿದ್ದ. ಮೊದಲ ದಿನವಿಡೀ ಮಲಗಿದ. ಎರಡನೆಯ ದಿನ ಊಟಕ್ಕೆ ಕುಳಿತಾಗ ವೈನಿ ಕೇಳಿದರು: “ಮುಗಿಸಿಕೊಂಡು ಹಳಿಯಾಳಕ್ಕ ಬಂದುಬಿಡಪಾ. ಮನಿ ಅದ, ಹೊಲ ಅದ, ದವಾಖಾನಿ ಅದ. ಇನ್ನೇನು ಬೇಕು?” ಅವನು ಉತ್ತರ ಹೇಳದೆ ನನ್ನ ಕಡೆ ತಿರುಗಿದ.

“ಬರಾಕ ಬ್ಯಾಸರ ಇಲ್ಲ ಕಾಕಾ. ಹೆದರಿಕಿ ಅದ” ಎಂದ. “ಒಂದೂವರೆ ವರ್ಷ ಆತು. ರಕ್ತದ ಟ್ಯೂಬು ತಗೊಂಡು ಲ್ಯಾಬಿಗೆ ಓಡೋದು, ರಿಪೋರ್ಟು ತರೋದು, ವಿಮಾ ಕಾಗದ ತುಂಬೋದು, ಡಿಸ್ಚಾರ್ಜ್ ಬರಿಯೋದು. ಇದರಾಗ ನಾ ಪಕ್ಕಾ ಆಗೇನಿ. ರೋಗಿ ಪಕ್ಕ ನಿಂತು ಸರ್ ನನಗ ಪಾಠ ಹೇಳಿದ್ದು ಎಷ್ಟು ಸಲ ಅಂತ ಬೆರಳಾಗ ಎಣಿಸಬಹುದು. ಹಳಿಯಾಳದಾಗ ರಾತ್ರಿ ಎರಡಕ್ಕ ಒಬ್ಬನ ಇದ್ದಾಗ ಉಸಿರು ನಿಂತಾವ ಬಂದರ? ಅದಕ್ಕ ಇನ್ನ ಮೂರು ವರ್ಷ ಡಿ.ಎಂ. ಮಾಡತೀನಿ. ಒಂದ ಅಂಗ ಹಿಡಕೊಂಡರ ಅಷ್ಟರ ಪೂರಾ ಕಲೀಬಹುದು.”

ಫೆಲೋಶಿಪ್ಪಿನ ಆಸೆಯನ್ನು ಹಣದಾಸೆಯೆಂದು ಬೈಯುವವರು ಈ ಮಾತನ್ನು ಎರಡು ಸಲ ಓದಬೇಕು. ಹಣದಾಸೆಯವರು ಇಲ್ಲವೆಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಮೂರು ವರ್ಷ ದುಡಿದೂ ತನ್ನ ಕೈಯ ಮೇಲೆ ತನಗೇ ನಂಬಿಕೆ ಹುಟ್ಟದ ಹುಡುಗ ಇನ್ನೂ ಮೂರು ವರ್ಷ ಕಲಿಯಲು ಹೋಗುತ್ತೇನೆಂದರೆ ಅದು ಪ್ರಾಮಾಣಿಕತೆ. ಎಂ.ಬಿ.ಬಿ.ಎಸ್.ಗೆ ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಡಿ.ಎಂ.ಗೆ ಮೂರು, ನಡುನಡುವೆ ಪ್ರವೇಶ ಪರೀಕ್ಷೆಗಳಿಗೆ ಓದಿದ ವರ್ಷಗಳು ಬೇರೆ. ಕಲಿತು ಹೊರಬರುವಾಗ ಮೂವತ್ತು ದಾಟಿರುತ್ತದೆ. ಹೃದಯ, ಮೂತ್ರಪಿಂಡ, ನರ, ಜಠರ ಎಂದು ಒಂದೊಂದು ಅಂಗದ ತಜ್ಞನಾಗಿ ಹೊರಬಂದವನು ದೊಡ್ಡ ಯಂತ್ರಗಳಿರುವ ದೊಡ್ಡ ಪಟ್ಟಣದಲ್ಲಲ್ಲದೆ ಇನ್ನೆಲ್ಲಿ ಇದ್ದಾನು? ಇಡೀ ಮನುಷ್ಯನನ್ನು ನೋಡಬೇಕಾಗಿದ್ದ ಎಂ.ಡಿ. ಪದವಿ ಹೀಗೆ ಮುಂದಿನ ಬಂಡಿಗೆ ಕಾಯುವ ನಿಲ್ದಾಣವಾಗಿಬಿಟ್ಟಿದೆ.

ಇದರಿಂದ ತೇರಗಾಂವಕ್ಕೆ ಆಗುವ ನಷ್ಟವೇನು? ಒಂದೇ ಉದಾಹರಣೆ ಸಾಕು. ನಮ್ಮ ಗದ್ದೆಯಂಚಿನ ಮನೆಗಳಲ್ಲಿ ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚುವುದುಂಟು. ಗಾಯದಲ್ಲಿ ನೋವು ಬಾವು ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ರೆಪ್ಪೆ ಜೋತುಬೀಳುತ್ತದೆ, ನಾಲಿಗೆ ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅಂಥ ರೋಗಿಗೆ ವಿಷಹಾರಿ ಮದ್ದು ಕೊಡಬೇಕು. ಉಸಿರು ಸೋತರೆ ಗಂಟಲಲ್ಲಿ ಕೊಳವೆ ಇಳಿಸಿ ಗಾಳಿ ಊದುತ್ತ ಬದುಕಿಸಿಕೊಳ್ಳಬೇಕು. ಹಾಗೆ ಬದುಕಿಸಿಕೊಂಡರೆ ಕೆಲವು ದಿನಗಳಲ್ಲಿ ಎದ್ದು ಮನೆಗೆ ನಡೆದುಹೋಗುತ್ತಾನೆ. ಕರ್ನಾಟಕ ಸರಕಾರ 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು, ಒಳ್ಳೆಯದಾಯಿತು. ಆದರೆ ವರದಿ ಬರೆಯುವ ಕೈ ಬೇರೆ, ಕೊಳವೆ ಇಳಿಸುವ ಕೈ ಬೇರೆ. ಆ ಎರಡನೆಯ ಕೈ ಪಳಗಬೇಕಾದದ್ದು ರೆಸಿಡೆನ್ಸಿಯ ಮೂರು ವರ್ಷಗಳಲ್ಲಿ. ಅದಕ್ಕೆ ಬೇಕಾದ ರಾತ್ರಿಗಳನ್ನು ಟ್ಯೂಬು ಹೊರುವುದರಲ್ಲಿ ಕಳೆದವನು ಹಳಿಯಾಳಕ್ಕೆ ಬರಲು ಹೆದರಿದರೆ ಆ ಹೆದರಿಕೆಯ ಬೆಲೆಯನ್ನು ತೆರುವವನು ಗದ್ದೆಯಂಚಿನಲ್ಲಿ ಮಲಗಿದವನು.

ನಮ್ಮ ಜಿಲ್ಲೆಯವರಿಗೆ ದೂರದ ಬೆಲೆ ಚೆನ್ನಾಗಿ ಗೊತ್ತು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಜಾರಿ ಅಪ್ಪಳಿಸಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಶಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅಂದು ಮುಗಿಲು ಮುಟ್ಟಿತು. ಆ ಕೂಗಿಗೆ ನನ್ನ ದನಿಯೂ ಸೇರಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಕಟ್ಟಡ ಎದ್ದರೂ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡಗಳಿಂದ ಅದಕ್ಕೆ ದಾರಿ ಇದ್ದಷ್ಟೇ ಇರುತ್ತದೆ. ಆ ದಾರಿಯಲ್ಲಿ ಜೀವ ಉಳಿಯಬೇಕಾದರೆ ತಾಲೂಕು ಆಸ್ಪತ್ರೆಯಲ್ಲಿ ಒಂಟಿಯಾಗಿ ನಿಂತು ಕೆಲಸ ಮಾಡಬಲ್ಲ ಜನರಲ್ ಮೆಡಿಸಿನ್, ಅರಿವಳಿಕೆ, ಪ್ರಸೂತಿ ತಜ್ಞರಿರಬೇಕು. ಅವರನ್ನು ಕಾನೂನಿನಿಂದ ತರಲು ಸರಕಾರ ನೋಡಿತು. 2012ರಲ್ಲಿ ವೈದ್ಯಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆ ವಿಧಿಸುವ ಕಾಯಿದೆ ಮಾಡಿ, ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಹೋರಾಡಿ, ಕೊನೆಗೆ ತಾನೇ ಅದನ್ನು ಸಡಿಲಿಸಿತು. ಹೆದರಿದವನನ್ನು ಹಿಡಿದು ತಂದು ಕೂರಿಸಿದರೆ ಅವನು ಎಲ್ಲ ರೋಗಿಗಳಿಗೂ ಹುಬ್ಬಳ್ಳಿಗೆ ಚೀಟಿ ಬರೆಯುತ್ತಾನೆ. ವರ್ಷ ಮುಗಿದ ದಿನ ತನಗೂ ಒಂದು ಬರೆದುಕೊಳ್ಳುತ್ತಾನೆ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಬಹಳ ಸಣ್ಣದು. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಮಸೂದೆ ಬೇಡ. ಪ್ರವೇಶದ ಕಾಲದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟುಗಳ ಪಟ್ಟಿ ಪ್ರಕಟಿಸುತ್ತದೆ. ಶುಲ್ಕವೆಷ್ಟು, ಯಾವ ರ‍್ಯಾಂಕಿಗೆ ಯಾವ ಸೀಟು ಹೋಯಿತು ಎಂಬುದೆಲ್ಲ ತಿಳಿಯುತ್ತದೆ. ಆ ಪಟ್ಟಿಗೆ ಇನ್ನು ನಾಲ್ಕು ಅಂಕಣ ಸೇರಲಿ. ಹೋದ ವರ್ಷ ಈ ವಿಭಾಗದ ರೆಸಿಡೆಂಟ್ ವಾರಕ್ಕೆ ಎಷ್ಟು ಗಂಟೆ ದುಡಿದ, ತಿಂಗಳಿಗೆ ಎಷ್ಟು ರಾತ್ರಿ, ಎಷ್ಟು ರಜೆ? ಮೂರು ವರ್ಷಗಳಲ್ಲಿ ತನ್ನ ಕೈಯಾರೆ ಯಾವ ಯಾವ ಚಿಕಿತ್ಸೆಗಳನ್ನು ಎಷ್ಟೆಷ್ಟು ಸಲ ಮಾಡಿದ? ರೋಗಿಯ ಹಾಸಿಗೆಯ ಬಳಿ ಪ್ರಾಧ್ಯಾಪಕರು ವಾರಕ್ಕೆ ಎಷ್ಟು ಸಲ ಪಾಠ ಮಾಡಿದರು? ಹಿಂದಿನ ಐದು ತಂಡಗಳವರು ಈಗ ಎಲ್ಲಿ, ಏನು ಮಾಡುತ್ತಿದ್ದಾರೆ? ಇವಕ್ಕೆ ಬೇಕಾದ ಮಾಹಿತಿಯ ಬಹುಭಾಗ ಆಗಲೇ ಇದೆ. ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ತಾನು ಮಾಡಿದ ಕೆಲಸದ ಲಾಗ್‌ಬುಕ್ ಇಡಬೇಕೆಂಬುದು ಆಯೋಗದ ನಿಯಮ. ಡ್ಯೂಟಿಯ ಪಟ್ಟಿ ಪ್ರತಿ ವಾರ್ಡಿನ ಗೋಡೆಯ ಮೇಲೆ ಅಂಟಿಸಿರುತ್ತದೆ. ಅವೆರಡನ್ನೂ ಒಟ್ಟುಗೂಡಿಸಿ, ವಿದ್ಯಾರ್ಥಿಗಳಿಂದ ಗುಟ್ಟಾಗಿ ತಾಳೆ ನೋಡಿಸಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಚ್ಚುಹಾಕಿಸಿದರೆ ಸಾಕು.

ಅಚ್ಚಾದ ಮರುವರ್ಷವೇ ಏನಾದೀತೆಂದು ನೋಡಿರಿ. ರಾತ್ರಿಯೆಲ್ಲ ಟ್ಯೂಬು ಹೊರಿಸಿ ಕೈಗೆ ವಿದ್ಯೆ ಕೊಡದ ವಿಭಾಗವನ್ನು ಜಾಣ ಹುಡುಗರು ಬಿಟ್ಟು ನಡೆದಾರು. ಆಗ ಆ ವಿಭಾಗದವರು ಟ್ಯೂಬು ಹೊರಲು ಆಳನ್ನು ನೇಮಿಸಿರೆಂದು ಸರಕಾರದ ಬಾಗಿಲು ಬಡಿದಾರು. ಇನ್ನೊಂದು ಕಡೆ, ದುಡಿಮೆ ಹೆಚ್ಚಿದ್ದರೂ ಗುರು ಪಕ್ಕದಲ್ಲಿ ನಿಂತು ಕಲಿಸುವ ವಿಭಾಗ ಬೆಳಕಿಗೆ ಬಂದೀತು. ಅಂಥದ್ದನ್ನು ಆರಿಸಿಕೊಳ್ಳಲು ನಮ್ಮ ಹುಡುಗರು ಹಿಂಜರಿಯುತ್ತಾರೆಂದು ನಾನು ನಂಬಲಾರೆ. ಹಳಿಯಾಳದಲ್ಲೂ ಧಾರವಾಡದಲ್ಲೂ ನಾನು ಕಂಡಿರುವ ವಿದ್ಯಾರ್ಥಿಗಳು ಕಷ್ಟಕ್ಕೆ ಹೆದರುವವರಲ್ಲ. ಕಷ್ಟಪಟ್ಟೂ ಬರಿಗೈಯಲ್ಲಿ ಉಳಿಯುವುದಕ್ಕೆ ಹೆದರುವವರು.

“ರೋಗಿಗಳು ಸಾವಿರ, ವೈದ್ಯರು ಹಿಡಿಯಷ್ಟು, ರೆಸಿಡೆಂಟನನ್ನು ಮಲಗಲು ಬಿಟ್ಟರೆ ನೋಡುವವರು ಯಾರು?” ಎಂಬುದು ಕೊನೆಯ ಆಕ್ಷೇಪಣೆ. ಇದೊಂದು ಮಾತ್ರ ಪ್ರಾಮಾಣಿಕವಾದ ಆಕ್ಷೇಪಣೆ. ಏಕೆಂದರೆ ಇದು ಸತ್ಯವನ್ನು ಒಪ್ಪಿಕೊಳ್ಳುತ್ತದೆ. ವಿದ್ಯಾರ್ಥಿಯ ಹೆಸರಿನಲ್ಲಿ ನಾವು ಅಗ್ಗದ ವೈದ್ಯನನ್ನು, ಆ ವೈದ್ಯನ ಹೆಸರಿನಲ್ಲಿ ಅಗ್ಗದ ಗುಮಾಸ್ತನನ್ನು, ಆ ಗುಮಾಸ್ತನ ಹೆಸರಿನಲ್ಲಿ ಅಗ್ಗದ ಹಮಾಲನನ್ನು ದುಡಿಸಿಕೊಳ್ಳುತ್ತಿದ್ದೇವೆ. ಹಮಾಲನ ಕೆಲಸಕ್ಕೆ ಹಮಾಲನನ್ನೂ ಗುಮಾಸ್ತನ ಕೆಲಸಕ್ಕೆ ಗುಮಾಸ್ತನನ್ನೂ ಇಟ್ಟರೆ, ಇರುವಷ್ಟು ರೆಸಿಡೆಂಟರ ಹೊತ್ತಿನಲ್ಲೇ ಎಷ್ಟೋ ಗಂಟೆಗಳು ರೋ‌ಗಿಗೆ ಮರಳುತ್ತವೆ. ಅದಕ್ಕೆ ತಗಲುವ ಸಂಬಳ ಒಬ್ಬ ತಜ್ಞನನ್ನು ತಯಾರಿಸಲು ನಾಡು ಮಾಡುವ ವೆಚ್ಚದ ಮುಂದೆ ಏನೂ ಅಲ್ಲ.

ಒಂದು ಒಳ್ಳೆಯ ಬೀಜ ಆಗಲೇ ಬಿದ್ದಿದೆ. 2020ರಲ್ಲಿ ಪ್ರಕಟವಾದ ನಿಯಮದ ಪ್ರಕಾರ, 2021ರ ತಂಡದಿಂದ ಮೊದಲ್ಗೊಂಡು, ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕು. ಇದನ್ನು ಹಾಜರಿ ಹಾಕುವ ಶಾಸ್ತ್ರವಾಗಿಸದೆ ನಿಜವಾದ ಪಾಠವಾಗಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ಹತ್ತು ಹದಿನೈದು ವರ್ಷ ಒಬ್ಬಂಟಿಯಾಗಿ ಕೆಲಸ ಮಾಡಿ ಪಳಗಿದ ವೈದ್ಯರು ನಮ್ಮಲ್ಲಿದ್ದಾರೆ. ಅವರಿಗೆ ಗುರುವಿನ ಪದವಿಯನ್ನೂ ಗೌರವಧನವನ್ನೂ ಕೊಟ್ಟು, ಆ ಮೂರು ತಿಂಗಳು ಶಿಷ್ಯನನ್ನು ಅವರ ಪಕ್ಕದಲ್ಲಿ ನಿಲ್ಲಿಸಿದರೆ, ರಾತ್ರಿ ಎರಡು ಗಂಟೆಯ ಹೆದರಿಕೆ ಬಿಟ್ಟುಹೋಗಲು ಅದಕ್ಕಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ. ಬೇಕಿದ್ದರೆ ಅದಕ್ಕೂ ಒಂದು ಫೆಲೋಶಿಪ್ಪು ಮಾಡಿರಿ. ‘ಫೆಲೋ’ ಎಂಬ ಮಾತಿಗೆ ಜೊತೆಗಾರನೆಂಬುದೇ ಮೂಲಾರ್ಥ. ತಾಲೂಕು ಆಸ್ಪತ್ರೆಯ ಒಬ್ಬಂಟಿ ವೈದ್ಯನಿಗೆ ಜೊತೆಗಾರನೊಬ್ಬ ಸಿಕ್ಕರೆ ಆ ಪದವೂ ಸಾರ್ಥಕವಾದೀತು.

ಆದ್ದರಿಂದ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಸ್ನಾತಕೋತ್ತರ ಸೀಟು ಆರಿಸಿಕೊಳ್ಳುವ ಹುಡುಗ ಹುಡುಗಿಯರಿದ್ದರೆ ದುಡಿಮೆ ಎಷ್ಟು, ಮುಂದೆ ಏನು ಎಂದು ಅವರು ಕೇಳಲಿ, ತಡೆಯಬೇಡಿರಿ. ಅವೆರಡರ ನಡುವೆ ಮೂರನೆಯ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಲು ಹೇಳಿರಿ: ಇಲ್ಲಿಂದ ಹೊರಟ ದಿನ, ಯಾರ ನೆರವೂ ಇಲ್ಲದೆ, ನನ್ನ ಕೈ ಏನೇನು ಮಾಡಬಲ್ಲದು? ವಾರ್ಷಿಕೋತ್ಸವದ ವೇದಿಕೆಯ ಮೇಲೆ ಸೇವೆಯನ್ನು ಕುರಿತು ಉಪದೇಶಿಸುವ ಹಿರಿಯರಿಗೂ ಒಂದು ಮಾತು. ಮುಂದಿನ ಸಲ ಮಾತನಾಡಲು ಎದ್ದಾಗ ತಮ್ಮ ಕಾಲೇಜಿನ ಆ ನಾಲ್ಕು ಅಂಕಣಗಳನ್ನು ಓದಿ ಹೇಳಲಿ. ಉಪದೇಶವನ್ನು ಆಮೇಲೆ ಕೇಳೋಣ.